ಹರಳೆಣ್ಣೆ ಕುಡಿದ ಕಾರು

ಹೋದ ತಿಂಗಳು ಒಂದು ಹಳೇ ಪಂಪ್‌ಸೆಟ್ ನೋಡಲು ಹನೂರಿನ ಆಚೆಯ ಒಂದು ಹಳ್ಳಿಗೆ ಹೋಗಿದ್ದೆ. ಮಾರುವವನು ಹೇಳಿದ ಬೆಲೆ ಕೇಳಿ, ಬೇಡವೆಂದು ಟವೆಲ್ ಕೊಡವಿ ಎದ್ದು ರಸ್ತೆಗೆ ಬಂದು ನಿಂತೆ. ಹಾಗೆ ಎದ್ದು ಬಂದರೆ ಅವನು ಹಿಂದೆಯೇ ಕೂಗಿಕೊಂಡು ಬರುತ್ತಾನೆ ಎಂಬುದು ನನಗೆ ಗೊತ್ತು. ಅಷ್ಟರಲ್ಲಿ ಪಕ್ಕದ ಹಿತ್ತಲಿನಿಂದ ಹೊಗೆಯ ಜೊತೆ ಒಂದು ವಾಸನೆ ಬಂತು. ಹುರಿದು ಕುಟ್ಟಿದ ಹರಳನ್ನು ಮಡಕೆಯಲ್ಲಿ ನೀರು ಹಾಕಿ ಕುದಿಸುತ್ತಿದ್ದರು. ಆ ಕಡೆ ಇದು ಹೊಸದಲ್ಲ. ಮಕ್ಕಳ ನೆತ್ತಿಗೆ, ಬಾಣಂತಿಯ ಮೈಗೆ, ಗಾಡಿಯ ಕೀಲಿಗೆ ಎಲ್ಲದಕ್ಕೂ ಅದೇ ಎಣ್ಣೆ. ನನಗೆ ಮಾತ್ರ ಆ ವಾಸನೆಗೆ ಒಂದು ಹಳೇ ಕಾರು ನೆನಪಾಯಿತು. ಮಾರುವವನು ಹಿಂದೆಯೇ ಬಂದು ಬೆಲೆ ಇಳಿಸುವ ಮಾತೆತ್ತಿದ. ಅವನು ಮೊದಲು ಹೇಳಿದ ಬೆಲೆಗೇ ಒಪ್ಪಿ ಅಲ್ಲಿಂದ ಹೊರಟುಬಿಟ್ಟೆ. ಕೈಗೆ ಬಂದ ಲಾಭವನ್ನು ನಾನಾಗಿ ಬಿಟ್ಟು ಬಂದದ್ದು ನನ್ನ ಜೀವನದಲ್ಲಿ ಇದು ಎರಡನೇ ಸಲ. ಮೊದಲನೇ ಸಲದ ಕಥೆ ಹೇಳುತ್ತೇನೆ.

ನಾನು ಕೊಯಮತ್ತೂರಿನ ಲಾರಿ ಶೆಡ್ಡುಗಳಲ್ಲಿ ಹತ್ತು ವರ್ಷ ಗ್ರೀಸು ಮೆತ್ತಿಕೊಂಡು ಕೆಲಸ ಕಲಿತವನು. ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರಿ ಆಗ ಎಂಟೊಂಬತ್ತು ವರ್ಷವಾಗಿತ್ತು. ಆದರೂ ಎಂಜಿನ್ ಕೆಟ್ಟರೆ ನಮ್ಮವರು ಕೊಯಮತ್ತೂರಿನ ಕಡೆಗೇ ಮುಖ ಮಾಡುತ್ತಿದ್ದರು. ಆ ಕೆಲಸವನ್ನು ಊರಿನಲ್ಲೇ ಮಾಡಿದರೆ ಬದುಕು ಹಸನಾಗುತ್ತದೆ ಅಂತ ಹೆಂಡತಿ ಮಾದೇವಿಯನ್ನು ಕರೆದುಕೊಂಡು ಊರಿಗೆ ಬಂದೆ. ಅವಳನ್ನು ಯಳಂದೂರಿನ ತವರಿನಲ್ಲಿ ಬಿಟ್ಟು ಕೊಳ್ಳೇಗಾಲದಲ್ಲಿ ಜಾಗ ಹುಡುಕತೊಡಗಿದೆ.

ಜಾಗ ಕಣ್ಣ ಮುಂದೆಯೇ ಇತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆ ತಿರುಗುವ ಮೂಲೆಯಲ್ಲಿ, ಒಂದು ಹುಣಸೆಮರದ ಪಕ್ಕ. ಹನೂರಿನ ಗಾಡಿ, ಯಳಂದೂರಿನ ಗಾಡಿ, ಮೈಸೂರಿನ ಗಾಡಿ ಎಲ್ಲವೂ ಅಲ್ಲಿಗೆ ಬಂದಾಗ ನಿಧಾನ ಮಾಡಲೇಬೇಕು. ಗಾಡಿ ನಿಧಾನ ಮಾಡುವ ಕಡೆಯೇ ಅದರ ರೋಗ ಕಿವಿಗೆ ಬೀಳುವುದು. ಶೆಡ್ಡು ಹಾಕಬೇಕು ಅಂತಿರುವ ಹುಡುಗರಿಗೆ ಇವತ್ತಿಗೂ ನಾನು ಹೇಳುವುದು ಇದನ್ನೇ: ಸೂರು ಹೇಗಿದೆ ನೋಡಬೇಡಿ, ರಸ್ತೆ ಎಲ್ಲಿ ತಿರುಗುತ್ತದೆ ನೋಡಿ.

ಆ ಜಾಗ ಗುರುಮಲ್ಲಪ್ಪನವರದು. ರೇಷ್ಮೆ ನೂಲಿನ ವ್ಯಾಪಾರ, ಕುಂತೂರಿನ ಕಡೆ ಗದ್ದೆ, ಪೇಟೆಯಲ್ಲಿ ತೊಟ್ಟಿಮನೆ. ನಲವತ್ತು ತುಂಬಿರಲಿಲ್ಲ. ಊರೆಲ್ಲ ಅವರನ್ನು ಬುದ್ದಿ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಎರಡು ಸಲ ಹೋಗಿ ಜಾಗ ಕೇಳಿದ್ದೆ. ಎರಡು ಸಲವೂ ನಕ್ಕು ಮಜ್ಜಿಗೆ ಕುಡಿಸಿ ಕಳಿಸಿದ್ದರು.

ಅವರ ಹತ್ತಿರ ಒಂದು ಕಾರಿತ್ತು. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ಸೀಮೆಗೆ, ತನ್ನ ಇಂಗ್ಲೆಂಡಿಗೆ, ವಾಪಸು ಹೋಗುವಾಗ ಮಾರಿ ಹೋಗಿದ್ದ ಗಾಡಿ. ಎರಡೇ ಸೀಟು, ಮೇಲೆ ಮಡಿಸುವ ಕ್ಯಾನ್ವಾಸು, ಮೂತಿ ಉದ್ದ, ನೆಲದಿಂದ ಮೂರು ಗೇಣು ಎತ್ತರ. ಸೀಮೆಯಲ್ಲಿ ರೇಸಿಗೆ ಬಿಡುತ್ತಿದ್ದ ಜಾತಿ. ಎರಡು ಕಾರ್ಬುರೇಟರ್ ಇದ್ದ ಎಂಜಿನ್ ಅನ್ನು ಕೊಳ್ಳೇಗಾಲದಲ್ಲಿ ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ.

ಗುರುಮಲ್ಲಪ್ಪನವರು ಆ ಕಾರಿನಲ್ಲಿ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದರು. ಬೆಟ್ಟದ ಬುಡದ ತಾಳಬೆಟ್ಟ ದಾಟಿ ಮೂರನೇ ತಿರುವಿನಲ್ಲಿ ಕಾರು ಕುದಿದು ನಿಂತಿತು. ಹಿಂದೆ ಬಂದ ಬಸ್ಸಿಗೆ ದಾರಿ ಇಲ್ಲ. ಡ್ರೈವರ್ ಜವರಯ್ಯ ಇಳಿದು, ಬಸ್ಸಿನಲ್ಲಿದ್ದ ಪರಿಷೆ ಜನರನ್ನೆಲ್ಲ ಇಳಿಸಿ, ಕಾರನ್ನು ಬದಿಗೆ ತಳ್ಳಿಸಿದ. ತಳ್ಳುವಾಗ ಜನ ‘ಉಘೇ ಮಾದಪ್ಪ’ ಅಂದರಂತೆ. ಭಕ್ತಿಯಿಂದ ಅಂದರೋ ಗೇಲಿಗೆ ಅಂದರೋ ಗೊತ್ತಿಲ್ಲ, ಗುರುಮಲ್ಲಪ್ಪನವರಿಗೆ ಮಾತ್ರ ಗೇಲಿಯಾಗಿ ಕೇಳಿತು.

ಯುಗಾದಿ ಕಳೆದ ಮಾರನೇ ಬೆಳಿಗ್ಗೆ ನನಗೆ ಕರೆ ಬಂತು. ಜಗಲಿಯ ಮೇಲೆ ಕೂತಿದ್ದರು. ಕಾರು ಅಂಗಳದಲ್ಲಿ ನಿಂತಿತ್ತು.

“ಏನ್ಲಾ ಪುಟ್ಟಸ್ವಾಮಿ, ಕೊಯಮತ್ತೂರ್ನಲ್ಲಿ ಏನೇನೋ ಕಲ್ತ್ಕಂಡ್ ಬಂದಿದ್ದೀಯಂತೆ. ಈ ಕುದ್ರೆಗೆ ಇನ್ನಷ್ಟು ಬಲ ತುಂಬಿ ಬೆಟ್ಟ ಅತ್ತಿಸ್ತೀಯಾ?”

“ಅತ್ತಿಸ್ತೀನಿ ಬುದ್ದಿ. ಆದ್ರೆ ಕೂಲಿ ಬ್ಯಾಡ.”

“ಮತ್ತೇನ್ ಬೇಕು?”

“ಆ ಮೂಲೆ ಜಾಗ.”

ಈ ಸಲ ಅವರು ನಗಲಿಲ್ಲ. ಅಡಿಕೆ ಕತ್ತರಿಸುತ್ತಾ ಕಾರನ್ನೇ ನೋಡಿದರು. ಆಮೇಲೆ ಅರ್ಧ ದಿನ ಮಾತು ನಡೆಯಿತು. ಜಾಗ ಎಲ್ಲಿಯವರೆಗೆ? ಹುಣಸೆಮರದವರೆಗೆ ಅಂದರು. ಮರವೂ ಸೇರಿ ಅಂದೆ. ಒಪ್ಪಿದರು. ಹಿಂದಿನ ಬಾವಿಯ ನೀರು? ಒಪ್ಪಿದರು. ಕೆಲಸ ಮುಗಿಯುವವರೆಗೆ ಊಟ ತೊಟ್ಟಿಮನೆಯಲ್ಲೇ, ತಿಂಗಳಿಗೆ ಎರಡು ಭಾನುವಾರ ಯಳಂದೂರಿಗೆ ಹೋಗಿ ಹೆಂಡತಿ ಮುಖ ನೋಡಿ ಬರುವುದು. ಅದಕ್ಕೂ ಒಪ್ಪಿದರು. ಅವರು ಹಾಕಿದ್ದು ಒಂದೇ ಕರಾರು.

“ಕಾರು ಸರಿಹೋಗೋಗಂಟ ನೀ ಬ್ಯಾರೆ ಯಾರ್ ಗಾಡಿ ಬೋಲ್ಟೂ ಮುಟ್ಟಂಗಿಲ್ಲ. ಇಲ್ಲೇ ಇರ್ಬೇಕು.”

“ಮೂರು ವಾರದ್ ಕೆಲಸ ಬುದ್ದಿ,” ಅಂದೆ.

ಅವರು ವೀಳ್ಯದೆಲೆ, ಅಡಿಕೆ ನೀಡಿದರು. ಮಾದಪ್ಪನ ಹೆಸರು ಹೇಳಿ ಎರಡೂ ಕೈಯಲ್ಲಿ ತೆಗೆದುಕೊಂಡೆ. ನಮ್ಮ ಕಡೆ ಆ ಹೆಸರಿನಲ್ಲಿ ವೀಳ್ಯ ಹಿಡಿದ ಮೇಲೆ ಕಾಗದ ಪತ್ರ ಬೇಕಿಲ್ಲ. ಅಲ್ಲಿಂದ ಬರುವಾಗ ಮರ, ಬಾವಿ, ಭಾನುವಾರ ಎಲ್ಲವನ್ನೂ ಗೆದ್ದೆ ಅಂತ ಎದೆ ಉಬ್ಬಿತ್ತು. ಸರಿಹೋಗುವುದು ಎಂದರೆ ಎಷ್ಟು, ಅದನ್ನು ಹೇಳುವವರು ಯಾರು, ಇದೊಂದನ್ನು ಕೇಳಿರಲಿಲ್ಲ. ನೀವು ಯಾರ ಹತ್ತಿರವಾದರೂ ಕೆಲಸ ಒಪ್ಪಿಕೊಳ್ಳುವಾಗ ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಇದನ್ನು ಮೊದಲು ಕೇಳಿಕೊಳ್ಳಿ.

ತೊಟ್ಟಿಮನೆಯ ಹಿಂದಿನ ನೂಲಿನ ಉಗ್ರಾಣವೇ ನನ್ನ ಶೆಡ್ಡಾಯಿತು. ದಪ್ಪ ಗೋಡೆ, ಒಂದೇ ಬಾಗಿಲು, ಕಬ್ಬಿಣದ ಸರಳಿನ ಒಂದು ಕಿಟಕಿ. ಹಗಲಿಡೀ ಪಕ್ಕದ ಬೀದಿಯಿಂದ ರೇಷ್ಮೆಗೂಡು ಬೇಯಿಸುವ ಕಮಟು. ಕಾರನ್ನು ಒಳಗೆ ತಳ್ಳಿ, ಎಂಜಿನ್ ಇಳಿಸಿ, ಹಲಗೆಯ ಮೇಲೆ ಬಿಚ್ಚಿ ಹರಡಿದೆ.

ಬಲ ಹೆಚ್ಚಿಸುವುದು ಹೇಗೆಂದು ನನಗೆ ಗೊತ್ತಿತ್ತು. ಎಂಜಿನ್ ಎನ್ನುವುದು ಉಸಿರಾಡುವ ಯಂತ್ರ. ಗಾಳಿ ಪೆಟ್ರೋಲು ಒಳಗೆ ಬರುವ ದಾರಿಗಳನ್ನು ಎಮರಿ ಬಟ್ಟೆಯಲ್ಲಿ ತಿಕ್ಕಿ ಕನ್ನಡಿ ಮಾಡಿದೆ. ವಾಲ್ವುಗಳನ್ನು ಅರೆದು ಕೂರಿಸಿದೆ. ನಾಲ್ಕು ಪಿಸ್ಟನ್ನುಗಳ ತೂಕ ಒಂದೇ ಇರಬೇಕು, ಇಲ್ಲದಿದ್ದರೆ ಓಡುವಾಗ ಎಂಜಿನ್ ತನ್ನನ್ನೇ ಕುಲುಕಿಕೊಂಡು ಸಾಯುತ್ತದೆ. ಅದಕ್ಕೆ ಬೇಕಾದ ತಕ್ಕಡಿ ಉಗ್ರಾಣದಲ್ಲೇ ತೂಗುತ್ತಿತ್ತು. ರೇಷ್ಮೆ ನೂಲು ತೂಗುವ ತಕ್ಕಡಿ ಒಂದು ಎಳೆಗೂ ಬಾಗುತ್ತದೆ. ಅದರಲ್ಲಿ ಪಿಸ್ಟನ್ ಇಟ್ಟು, ಭಾರವಾದದ್ದನ್ನು ಒಳಗಡೆಯಿಂದ ಅರದಲ್ಲಿ ಉಜ್ಜಿ, ನಾಲ್ಕನ್ನೂ ಸಮ ಮಾಡಿದೆ. ಗುರುಮಲ್ಲಪ್ಪನವರು ಬಾಗಿಲಲ್ಲಿ ನಿಂತು ನೋಡುತ್ತಾ, “ನಮ್ಮಪ್ಪ ಇದ್ದಿದ್ರೆ ತಕ್ಕಡಿ ಮೈಲಿಗೆ ಆಯ್ತು ಅಂತ ನಿನ್ನ ಬಾವಿಗ್ ಎಸೀತಿದ್ದ,” ಅಂದರು.

ಆಮೇಲೆ ನನ್ನ ಜಾಣತನದ ಕೆಲಸ. ಎಂಜಿನ್ನಿನ ಮುಚ್ಚಳವಾದ ಹೆಡ್ಡನ್ನು ಮೈಸೂರಿನ ಲೇತಿಗೆ ಒಯ್ದು, ಅಡಿಭಾಗ ಸವೆಸಿ ತಂದೆ. ಹೆಡ್ಡು ತಗ್ಗಿದರೆ ಒಳಗಿನ ಒತ್ತಡ ಏರುತ್ತದೆ, ಒತ್ತಡ ಏರಿದರೆ ಬಲ ಏರುತ್ತದೆ. ಎಲ್ಲ ಜೋಡಿಸಿ ಮೊದಲ ಸಲ ಕುಂತೂರಿನ ನೇರ ರಸ್ತೆಯಲ್ಲಿ ಬಿಟ್ಟಾಗ, ಕಬ್ಬಿನ ಗಾಡಿಯ ಎತ್ತುಗಳು ಬೆದರಿ ಗದ್ದೆಗೆ ಇಳಿದವು. ಗುರುಮಲ್ಲಪ್ಪನವರ ಪೇಟ ಹಾರಿಹೋಯಿತು. ಅದನ್ನು ಎತ್ತಿಕೊಳ್ಳಲೂ ನಿಲ್ಲಿಸಲಿಲ್ಲ.

ಆದರೆ ಬೆಟ್ಟದ ರಸ್ತೆಯಲ್ಲಿ ನಾಲ್ಕನೇ ತಿರುವಿಗೇ ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಕುಟ್ಟಿದಂತೆ ಸದ್ದು ಶುರುವಾಯಿತು. ಸೀಮೆಯ ಪೆಟ್ರೋಲು ತಡೆಯುವ ಒತ್ತಡವನ್ನು ನಮ್ಮ ಬಂಕಿನ ಪೆಟ್ರೋಲು ತಡೆಯುವುದಿಲ್ಲ, ಅದು ಹೊತ್ತಿಗೆ ಮುಂಚೆಯೇ ಹತ್ತಿಕೊಳ್ಳುತ್ತದೆ. ಆರನೇ ತಿರುವಿನಲ್ಲಿ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಒಡೆದು ಬಿಳೀ ಹಬೆ ಎದ್ದಿತು. ಮೇಲಿಂದ ಇಳಿದು ಬಂದ ಜವರಯ್ಯ ಬಸ್ಸು ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದ.

“ಮೂರು ತಿರುವು ಎಚ್ಗೆ ಬಂದವ್ರೆ ಬುದ್ದಿಯೋರು,” ಅಂದ. “ಇಂಗೇ ಓದ್ರೆ ನಮ್ ಮೊಮ್ಮಕ್ಕಳ ಕಾಲಕ್ಕೆ ಗುಡಿ ಕಾಣ್ಬೌದು.”

ಬಸ್ಸಿನಲ್ಲಿದ್ದ ಜನ ನಕ್ಕರು. ಗುರುಮಲ್ಲಪ್ಪನವರು ಬೈಯಬಹುದು ಅಂತ ನಾನು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಕುಂತೂರಿನ ರಸ್ತೆಯ ವೇಗ ಅವರ ತಲೆಗೆ ಏರಿಬಿಟ್ಟಿತ್ತು. “ಒಳ್ಳೆ ಬಲ ಬಂದದೆ ಕಣ್ಲಾ. ಇನ್ನೊಸಿ ಮಾಡು,” ಅಂದರು. ಬೈದಿದ್ದರೆ ಬಿಡುಗಡೆಯಾದರೂ ಆಗುತ್ತಿತ್ತೇನೋ.

ಮೂರು ವಾರ ಎರಡೂವರೆ ತಿಂಗಳಾಯಿತು. ಊಟಕ್ಕೆ ತುಪ್ಪ ಇತ್ತು, ಹೊಸ ಪಂಚೆ ಇತ್ತು, ಬೀಡಿಯ ಕಟ್ಟು ಕೇಳುವ ಮುಂಚೆ ಬರುತ್ತಿತ್ತು. ಆದರೆ ಆ ಸರಳಿನ ಕಿಟಕಿಯ ಆಚೆ ರಸ್ತೆಯಲ್ಲಿ ಹೋಗುವ ಒಂದೊಂದು ಗಾಡಿಯೂ ನನ್ನನ್ನು ಕೂಗಿದಂತೆ ಆಗುತ್ತಿತ್ತು. ಆ ಲಾರಿಯ ಟ್ಯಾಪೆಟ್ ಸಡಿಲ. ಈ ಬಸ್ಸಿನ ಕ್ಲಚ್ ಜಾರುತ್ತಿದೆ. ಕುಂತೂರಿನ ಆ ಟ್ರ್ಯಾಕ್ಟರಿನ ಒಂದು ನಾಜಲ್ ಕಟ್ಟಿದೆ, ಇನ್ನು ಹತ್ತು ದಿನಕ್ಕೆ ನಿಲ್ಲುತ್ತದೆ. ಎಲ್ಲದರ ರೋಗವೂ ಕಿವಿಗೆ ತಿಳಿಯುತ್ತಿತ್ತು, ಎದ್ದು ಹೋಗಿ ಕೈ ಹಾಕುವಂತಿರಲಿಲ್ಲ. ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಕೇಳಿ, ನಾನು ಆಗಲ್ಲ ಎಂದ ಮೇಲೆ ಬರುವುದನ್ನೇ ಬಿಟ್ಟರು.

ಹರಳೆಣ್ಣೆಯ ಯೋಚನೆ ಬಂದದ್ದು ಆ ದಿನಗಳಲ್ಲೇ. ಕೊಯಮತ್ತೂರಿನಲ್ಲಿದ್ದಾಗ ನಮ್ಮ ಮೇಸ್ತ್ರಿ ಒಮ್ಮೆ ಕಾರು ರೇಸಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿನ ಹೊಗೆಯಲ್ಲಿ ನಮ್ಮೂರ ಹಿತ್ತಲಿನ ವಾಸನೆ. ಕೇಳಿದರೆ, ರೇಸಿನ ಎಂಜಿನ್ನಿಗೆ ಹರಳೆಣ್ಣೆಯೇ ಹಾಕುವುದು, ಎಷ್ಟು ಕಾದರೂ ಅದು ತೆಳುವಾಗುವುದಿಲ್ಲ ಎಂದರು. ಅದು ಸುಳ್ಳಲ್ಲ. ಹರಳು ಬೆಳೆಯುವ ಸೀಮೆಯಲ್ಲಿ ಕೂತು ನಾನು ಡಬ್ಬದ ಎಣ್ಣೆ ಯಾಕೆ ಹಾಕುತ್ತಿದ್ದೇನೆ ಅಂತ ನನ್ನನ್ನೇ ಬೈದುಕೊಂಡೆ. ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿ, ಹನೂರಿಗೆ ಹೋಗಿ, ಎಣ್ಣೆ ಕಾಯಿಸುವುದಕ್ಕೆ ಹೆಸರಾಗಿದ್ದ ಸಿದ್ದಮ್ಮನ ಮನೆ ಹುಡುಕಿದೆ.

“ಎಷ್ಟ್ ಬೇಕಪ್ಪ?”

“ಆರು ಸೇರು, ಸಿದ್ದಮ್ಮ.”

“ಮಗ ಎಷ್ಟ್ ತಿಂಗಳದು?”

“ಮಗ ಅಲ್ಲ, ಕಾರು.”

ಅವಳು ಸೌಟನ್ನು ಮಡಕೆಯ ಮೇಲೆ ಇಟ್ಟಳು. “ಕಾರ್ಗೂ ಮಲಬದ್ಧತೆಯಾ?” ಅಂದಳು. ಅಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ಎಣ್ಣೆ ಅಳೆದು ಕೊಡುವಾಗ ಮಾತ್ರ ನಗದೆ ಹೇಳಿದಳು: “ನೋಡಪ್ಪ, ಇದು ಓಡಾಡೋ ಕೀಲಿಗೆ ಒಳ್ಳೇದು. ಮೂಲೇಲ್ ಮಡಗಿದ್ ಗಾಡಿಗೆ ಆಕ್ಬ್ಯಾಡ. ಗೋಂದು ಆಗ್ಬುಡ್ತದೆ.” ಕೊಯಮತ್ತೂರಿನಲ್ಲಿ ಕಲಿತವನಿಗೆ ಹನೂರಿನ ಹೆಂಗಸು ಏನು ಹೇಳುವುದು ಅಂತ, ತಲೆಯಾಡಿಸಿ ಬಂದೆ.

ಎಣ್ಣೆಯನ್ನು ರೇಷ್ಮೆ ಬಟ್ಟೆಯಲ್ಲಿ ಎರಡು ಸಲ ಸೋಸಿ ಎಂಜಿನ್ನಿಗೆ ಹಾಕಿದೆ. ಹಳೆಯ ಎಣ್ಣೆ ಅಡಿಯಲ್ಲಿ ಅಷ್ಟಿಷ್ಟು ಉಳಿದಿತ್ತು, ಇರಲಿ ಅಂತ ಬಿಟ್ಟೆ. ಎಂಟು ದಿನ ಕಾರು ಬೆಣ್ಣೆಯಂತೆ ಓಡಿತು. ಪೇಟೆಯ ತುಂಬ ಬಾಣಂತಿ ಮನೆಯ ವಾಸನೆ. ಗುರುಮಲ್ಲಪ್ಪನವರು ಬೆಟ್ಟಕ್ಕೆ ದಿನ ನೋಡಿಸಿದರು. ಪುರೋಹಿತರು ಪಂಚಾಂಗ ಬಿಚ್ಚಿ, “ನಾಡಿದ್ದು ಆಷಾಢ ಹುಟ್ಟುತ್ತೆ” ಎಂದರು. ಆಷಾಢದಲ್ಲಿ ಅಂಥ ಕೆಲಸಕ್ಕೆ ಕೈ ಹಾಕುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಕಾರಿಗೆ ಅರಿಶಿನ ಕುಂಕುಮ ಇಟ್ಟು, ಬಿಳೀ ಪಂಚೆ ಹೊದಿಸಿ, ಉಗ್ರಾಣದ ಬಾಗಿಲು ಮುಚ್ಚಿದರು. ಒಂದು ತಿಂಗಳು ಯಾರೂ ಅದನ್ನು ಮುಟ್ಟಕೂಡದು.

ಸಿದ್ದಮ್ಮನ ಮಾತು ನನಗೆ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಎಣ್ಣೆ ಇಳಿಸಿಬಿಡಲೇ ಎಂದು ಒಮ್ಮೆ ಕೇಳಿದೆ. “ಆಷಾಢದಲ್ಲಿ ಸ್ಪಾನರ್ ಇಡೀಬ್ಯಾಡ ಕಣ್ಲಾ, ತೆಪ್ಪಗಿರು,” ಅಂದರು. ನಾನು ತೆಪ್ಪಗಿದ್ದೆ. ಆ ತಿಂಗಳು ಬೀಸಿದ ಗಾಳಿ ಇವತ್ತಿಗೂ ನೆನಪಿದೆ. ಹಗಲಿಡೀ ಹೆಂಚು ಕದಲುವ ಸದ್ದು, ಕಿಟಕಿಯಿಂದ ಕೆಂಧೂಳು, ನಡುನಡುವೆ ನಾಲ್ಕು ಹನಿ ಮಳೆ. ಕೆಲಸವಿಲ್ಲದೆ ಬಾಗಿಲಲ್ಲಿ ಕೂತಿರುತ್ತಿದ್ದೆ. ಬೇರೆ ಗಾಡಿ ಮುಟ್ಟುವಂತಿಲ್ಲ, ಈ ಗಾಡಿಯನ್ನೂ ಮುಟ್ಟುವಂತಿಲ್ಲ. ಆಷಾಢವಾದ್ದರಿಂದ ಹೆಂಡತಿಯ ಹತ್ತಿರ ಹೋಗುವುದೂ ಬೇಡ ಅಂದರು. ನಮಗೆ ಮದುವೆಯಾಗಿ ಆರು ವರ್ಷವಾಗಿತ್ತು. ಹೊಸ ಮದುಮಕ್ಕಳ ಕಟ್ಟಳೆಯನ್ನು ನನಗೆ ಹಾಕಿದ್ದರು.

ಮಾದೇವಿ ತಾನೇ ಯಳಂದೂರಿನಿಂದ ಬಸ್ಸು ಹತ್ತಿ ಬಂದಳು. ಉಗ್ರಾಣದೊಳಗೆ ಪಂಚೆ ಹೊದ್ದು ಮಲಗಿದ್ದ ಕಾರನ್ನು ನೋಡಿ, ಅದರ ಹಣೆಯ ಕುಂಕುಮ ನೋಡಿ, ಅಲ್ಲೇ ಹೊಸ್ತಿಲ ಮೇಲೆ ಕೂತಳು.

“ಇವಳ್ಗೆ ಅರಿಶಿನ ಕುಂಕುಮ ನಾನ್ ಇಡ್ಬೇಕಾಗಿತ್ತಾ, ನೀನೇ ಇಟ್ಯಾ?”

“ಜಾಗ ಬರ್ತದೆ ಕಣೆ. ಇನ್ನೊಂದ್ ತಿಂಗ್ಳು.”

“ಯುಗಾದಿಲೂ ಅದೇ ಅಂದೆ. ಜಾಗ ಬಂದ್ ಮ್ಯಾಲೆ ಅದ್ರಲ್ಲಿ ಯಾರ್ನ ಕೂರಿಸ್ತೀಯ? ಅಷ್ಟೊತ್ಗೆ ನೀ ಇರಲ್ಲ, ಬುದ್ದಿಯೋರ್ ಕಾರ್ನವನು ಇರ್ತಾನೆ.”

ತಂದಿದ್ದ ಹುರಳಿಕಾಳಿನ ಗಂಟು ಕೊಟ್ಟು ಸಂಜೆ ಬಸ್ಸಿಗೆ ಹೋದಳು. ನಾನು ಬಸ್‌ಸ್ಟ್ಯಾಂಡಿನವರೆಗೂ ಹೋಗಲಿಲ್ಲ. ಆ ಮೂಲೆಯ ಜಾಗ ದಾಟಿ ಹೋಗಬೇಕಾಗಿತ್ತು.

ಶ್ರಾವಣದ ಮೊದಲ ಸೋಮವಾರ ಬಾಗಿಲು ತೆಗೆದು, ಕಾಯಿ ಒಡೆದು, ಗುರುಮಲ್ಲಪ್ಪನವರು ಕಾರು ಶುರು ಮಾಡಿದರು. ಸದ್ದು ಕೇಳಿದ ಕೂಡಲೇ ನಾನು “ಆರ್ಸಿ ಬುದ್ದಿ, ಆರ್ಸಿ” ಅಂತ ಕೂಗಿದೆ. ಅವರಿಗೆ ಕೇಳಿಸಲಿಲ್ಲ, ಪೆಡಲು ಒತ್ತಿದರು. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿದ ಕಿರುಚಾಟ. ಆಮೇಲೆ ಎಂಜಿನ್ ಕಚ್ಚಿಕೊಂಡು ನಿಂತಿತು.

ಬಿಚ್ಚಿ ನೋಡಿದೆ. ಹರಳೆಣ್ಣೆ ಹಳೆಯ ಎಣ್ಣೆಯ ಜೊತೆ ಬೆರೆಯದೆ, ಒಂದು ತಿಂಗಳು ನಿಂತಲ್ಲೇ ನಿಂತು, ಬೇಲದ ಹಣ್ಣಿನ ಅಂಟಿನ ಹಾಗೆ ಆಗಿತ್ತು. ಎಣ್ಣೆ ಹರಿಯುವ ಸಣ್ಣ ದಾರಿಗಳೆಲ್ಲ ಕಟ್ಟಿದ್ದವು. ಒಣಗಿದ ಬೇರಿಂಗುಗಳು ಕರಗಿ ಶಾಫ್ಟಿಗೆ ಮೆತ್ತಿಕೊಂಡಿದ್ದವು. ಹಗಲು ರೇಸಿನಲ್ಲಿ ಓಡಿ, ಆ ರಾತ್ರಿಯೇ ಬಿಚ್ಚಿ ತೊಳೆಯುವ ಎಂಜಿನ್ನಿಗೆ ಹಾಕುವ ಎಣ್ಣೆಯನ್ನು, ಆಷಾಢ ಮಾಡುವ ಮನೆಯ ಕಾರಿಗೆ ಹಾಕಿದ್ದೆ. ತಪ್ಪು ಎಣ್ಣೆಯದಲ್ಲ, ಪಂಚಾಂಗದ್ದೂ ಅಲ್ಲ. ಎರಡನ್ನೂ ಬಲ್ಲವನು ನಾನೊಬ್ಬನೇ ಇದ್ದೆ.

ಗುರುಮಲ್ಲಪ್ಪನವರು ಒಳಗೆ ಬಂದು ಕರಗಿದ ಬೇರಿಂಗನ್ನು ಕೈಯಲ್ಲಿ ಹಿಡಿದು ನೋಡಿದರು. “ಇನ್ನೆಷ್ಟು ದಿನ?” ಅಂದರು.

“ಶಾಫ್ಟ್‌ನ ಕೊಯಮತ್ತೂರಿಗೆ ಓಯ್ಬೇಕು ಬುದ್ದಿ.”

“ತಕಂಡ್ ಓಗು. ಜೊತೇಲಿ ನಮ್ಮಾಳು ಬರ್ತಾನೆ.” ಶಾಫ್ಟು ಹೊರುವುದಕ್ಕೆ ಎಂದರು. ಶಾಫ್ಟನ್ನು ನಾನೊಬ್ಬನೇ ಹೊರಬಲ್ಲೆ ಅಂತ ಇಬ್ಬರಿಗೂ ಗೊತ್ತಿತ್ತು.

ಮಾರನೇ ಬೆಳಿಗ್ಗೆ ಶಾಫ್ಟನ್ನು ಅಲ್ಲೇ ಬಿಟ್ಟು, ಬಟ್ಟೆಗಂಟು ಕಂಕುಳಲ್ಲಿ ಇಟ್ಟುಕೊಂಡು ಒಬ್ಬನೇ ಬಸ್‌ಸ್ಟ್ಯಾಂಡಿಗೆ ನಡೆದೆ. ಬೆಟ್ಟದ ಬಸ್ಸು ಹೊರಡುವುದರಲ್ಲಿತ್ತು. ಅದರಲ್ಲಿ ಹೋಗಿ, ಅಲ್ಲಿಂದ ಮದರಾಸು ರಾಜ್ಯದ ಮೇಟೂರಿನ ಕಡೆ ಇಳಿದುಬಿಟ್ಟರೆ ಯಾರೂ ಕೇಳುವವರಿಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟಾಗ ಜವರಯ್ಯ ಡ್ರೈವರ್ ಸೀಟಿನಿಂದಲೇ ಗಂಟು ನೋಡಿದ.

“ಎಲ್ಲಿಗಪ್ಪ ಮೇಸ್ತ್ರಿ?”

“ಬೆಟ್ಟಕ್ಕೆ.”

“ಬೆಟ್ಟಕ್ಕೆ ಓಗೋನು ಬಟ್ಟೆಗಂಟು ತರಲ್ಲ. ಇಳಿ.” ಸೀಟು ಬಿಟ್ಟು ಕೆಳಗೆ ಬಂದು ಬೀಡಿ ಹಚ್ಚಿದ. “ಮಾದಪ್ಪನ ಎಸ್ರಲ್ಲಿ ಇಡಿದ್ ವೀಳ್ಯ ಜೇಬಲ್ ಮಡಿಕಂಡು ಓಡೋಗೋನ್ನ ನಾನ್ ಅತ್ತಿಸ್ಕಳಲ್ಲ. ದಿನಾ ಆ ದಾರೀಲಿ ಬಸ್ ಓಡಿಸ್ಬೇಕು ನಾನು. ಬ್ಯಾಡ ಅನ್ಸಿದ್ರೆ ಗುಡಿ ಮುಂದೆ ನಿಂತು ವಾಪಸ್ ಕೊಡು. ಸಿಕ್ಕೋದ್ನ ಬಿಟ್ಬುಡು. ಯಾರೂ ಏನೂ ಅನ್ನಲ್ಲ.”

“ಜಾಗ ಓಯ್ತದಲ್ಲ ಜವರಯ್ಯ.”

“ಅಂಗಾದ್ರೆ ನಿನ್ನ ಕಟ್ಟಾಕಿರೋದು ಬುದ್ದಿಯೋರಲ್ಲ ಬುಡು.” ಹೊಗೆ ಬಿಟ್ಟು, ತನ್ನ ಬಸ್ಸಿನ ಮೂತಿಯನ್ನು ಅಂಗೈಯಲ್ಲಿ ತಟ್ಟಿದ. “ಲೇ, ಈ ಎಮ್ಮೆಗೆ ಏನ್ ಬಲ ಅದೆ ಅಂದ್ಕಂಡಿದ್ದೀಯ? ನಿನ್ ಕಾರಿನ ಮುಂದೆ ಇದೇನೂ ಅಲ್ಲ. ಬಲ ಇಲ್ದಿದ್ರೂ ತಡ್ಕತದೆ. ನೀ ಬಲ ಕೊಟ್ಟೆ, ತಡ್ಕಳದ್ ಕೊಡ್ಲಿಲ್ಲ.”

ಬಸ್ಸು ಹೋಯಿತು. ನಾನು ಗಂಟು ಹಿಡಿದುಕೊಂಡು, ಆ ಹುಣಸೆಮರದ ಕೆಳಗೇ ಬಹಳ ಹೊತ್ತು ಕೂತಿದ್ದೆ. ಆಮೇಲೆ ವಾಪಸು ಹೋಗಿ ಶಾಫ್ಟು ಎತ್ತಿಕೊಂಡು, ಆಳನ್ನೂ ಕರೆದುಕೊಂಡು ಕೊಯಮತ್ತೂರಿನ ಬಸ್ಸು ಹತ್ತಿದೆ.

ಅಲ್ಲಿಂದ ಕಾರ್ತಿಕದವರೆಗೆ ನಾನು ಮಾಡಿದ ಕೆಲಸವೇ ನನ್ನ ನಿಜವಾದ ಕಲಿಕೆ. ಬೇರಿಂಗುಗಳಿಗೆ ಹೊಸ ಲೋಹ ಎರೆಸಿ, ಗುರುತಿಗೆ ನೀಲಿ ಹಚ್ಚಿ, ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ ಕೆರೆದು, ಕೈಬೆರಳಲ್ಲಿ ತಿರುಗಿಸಿದರೆ ತಿರುಗುವ ಹಾಗೆ ಕೂರಿಸಿದೆ. ಸವೆಸಿದ ಹೆಡ್ಡಿನ ಕೆಳಗೆ ಇಡಲು ಪೇಟೆಯ ಪಾತ್ರೆ ಮಾಡುವವರಿಂದ ತಾಮ್ರದ ತಗಡು ಕೊಯ್ಯಿಸಿ ಗ್ಯಾಸ್ಕೆಟ್ ಮಾಡಿಸಿದೆ. ಹೆಡ್ಡು ಮತ್ತೆ ಮೇಲೆದ್ದಿತು, ಒತ್ತಡ ನಮ್ಮ ಪೆಟ್ರೋಲು ತಡೆಯುವಷ್ಟಕ್ಕೆ ಇಳಿಯಿತು. ನೀರು ತಣಿಸಲು ಒಂದು ಹಳೇ ಲಾರಿಯ ರೇಡಿಯೇಟರನ್ನು ಕತ್ತರಿಸಿ ಬೆಸುಗೆ ಹಾಕಿಸಿ ಕಾರಿನ ಮೂತಿಯೊಳಗೆ ತೂರಿಸಿದೆ. ಎಣ್ಣೆ ನಿಲ್ಲುವ ತಳದ ತೊಟ್ಟಿಯನ್ನು ಎರಡು ಸೇರು ಹೆಚ್ಚು ಹಿಡಿಯುವಂತೆ ದೊಡ್ಡದು ಮಾಡಿಸಿದೆ. ಡಬ್ಬದ ಎಣ್ಣೆಯನ್ನೇ ಹಾಕಿದೆ. ಗಾಡಿಗೆ ಬಲ ಹೆಚ್ಚಿಸಬೇಕು ಅಂತ ನನ್ನ ಹತ್ತಿರ ಬರುವವರಿಗೆ ನಾನು ಈಗಲೂ ಹೇಳುವುದು ಇಷ್ಟು: ಮೊದಲು ನೀರು ನೋಡಿ, ಆಮೇಲೆ ಎಣ್ಣೆ ನೋಡಿ, ಬಲದ ಮಾತು ಮೂರನೆಯದು.

ಕುಂತೂರಿನ ರಸ್ತೆಯಲ್ಲಿ ಓಡಿಸಿದ ಗುರುಮಲ್ಲಪ್ಪನವರಿಗೆ ಸಮಾಧಾನವಾಗಲಿಲ್ಲ. “ವೈಶಾಖದ ಜೋರು ಇಲ್ವಲ್ಲೋ,” ಅಂದರು.

“ಆ ಜೋರು ಆರು ತಿರುವಿಗೆ ಬುದ್ದಿ. ಇದು ಗುಡಿಗಂಟ.”

ಕಾರ್ತಿಕದ ಎರಡನೇ ಸೋಮವಾರ ಹೊರಟೆವು. ಹಿಂದಿನ ವಾರದ ಮಳೆಗೆ ಕಾಡು ಹಸಿರಾಗಿತ್ತು. ತಾಳಬೆಟ್ಟದಲ್ಲಿ ಗುರುಮಲ್ಲಪ್ಪನವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತರು. ಬರಿಗಾಲು ಪೆಡಲಿನ ಮೇಲೆ ಹಗುರವಾಗಿ ಬೀಳುತ್ತದೆ, ಅದೊಂದು ಒಳ್ಳೆಯದಾಯಿತು. ನಮ್ಮ ಮುಂದೆಯೇ ಜವರಯ್ಯನ ಬಸ್ಸು ಹತ್ತತೊಡಗಿತ್ತು. ನಾನು ಪಕ್ಕದಲ್ಲಿ ಕೂತು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣು ನೆಟ್ಟಿದ್ದೆ. ಮೂರನೇ ತಿರುವು ದಾಟಿತು. ಆರನೆಯದು ದಾಟಿತು. ಬರಿಗಾಲ ಪರಿಷೆಯವರು ಬದಿಗೆ ಸರಿದು ನಿಂತು ನೋಡುತ್ತಿದ್ದರು. ಮುಳ್ಳು ಅರ್ಧದಲ್ಲಿ ನಿಂತು ಕದಲಲೇ ಇಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಉಸಿರು ಸಲೀಸಾಗಿ ಓಡಾಡಿತು.

ಹತ್ತನೇ ತಿರುವಿನ ಮೇಲೆ ಗುರುಮಲ್ಲಪ್ಪನವರು ಹಾರನ್ ಒತ್ತತೊಡಗಿದರು.

“ಬಸ್ ಮುಂದಕ್ ಓಗಣ.”

“ಬ್ಯಾಡಿ ಬುದ್ದಿ, ಜಾಗ ಇಲ್ಲ. ಇಂದೇನೇ ಇರಿ. ಅತ್ತಿದ್ರೆ ಸಾಕು.”

ಅವರು ಇನ್ನೊಂದು ಸಲ ಹಾರನ್ ಒತ್ತಿದರು. ಆದರೂ ಹಿಂದೆಯೇ ಇದ್ದರು. ಎಲ್ಲೂ ನಿಲ್ಲದೆ, ಒಂದು ಹನಿ ನೀರು ಚೆಲ್ಲದೆ, ಕಾರು ಬಸ್ಸಿನ ಬೆನ್ನಿಗೇ ಹೋಗಿ ಗುಡಿಯ ಮುಂದಿನ ಬಯಲಿನಲ್ಲಿ ನಿಂತಿತು. ಬಸ್ಸಿನವರು ಇಳಿದು ಬಂದು ಸುತ್ತ ಸೇರಿದರು. ಶಿವರಾತ್ರಿಯಲ್ಲಿ ತಳ್ಳಿದವರೂ ಅವರಲ್ಲಿ ಇದ್ದರೇನೋ. ಜವರಯ್ಯ ಬಂದು ಮೂತಿ ಮುಟ್ಟಿ ನೋಡಿದ. “ಬೆಚ್ಚಗದೆ. ಸುಡ್ತಿಲ್ಲ,” ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲ.

ಪೂಜೆ ಮುಗಿಸಿ ಗುಡಿಯಿಂದ ಹೊರಗೆ ಬಂದ ಗುರುಮಲ್ಲಪ್ಪನವರು ನನ್ನ ಹೆಗಲ ಮೇಲೆ ಕೈ ಇಟ್ಟರು.

“ಮಾತಂದ್ರೆ ಮಾತು. ಜಾಗ ನಿಂದೇ ಕಣ್ಲಾ. ಮರಾನೂ ನಿಂದೇ. ಆದ್ರೆ ಬಸ್ಸಿನ ಒಗೆ ಕುಡ್ಕಂಡ್ ಬಂದ್ವಲ್ಲ ಇವತ್ತು. ಇದು ಸರಿಹೋದಂಗಲ್ಲ. ಬರೋ ಶಿವರಾತ್ರಿಗೆ ಬಸ್ಸಿಗಿಂತ ಮುಂದಿರ್ಬೇಕು. ಆಮೇಲೆ ಊಟಿಗೆ ಓಗಣ.”

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಕೈ ಇಟ್ಟದ್ದು ಪ್ರೀತಿಯಿಂದಲೇ. ನನಗೆ ಮಾತ್ರ ಆ ಮೂಲೆಯ ಜಾಗ ಕಣ್ಣಿಗೆ ಕಟ್ಟಿತು. ಹುಣಸೆಮರದ ಕೆಳಗೆ ನನ್ನ ಶೆಡ್ಡು, ಶೆಡ್ಡಿನೊಳಗೆ ಈ ಒಂದು ಕಾರು, ಹೊರಗೆ ರಸ್ತೆಯಲ್ಲಿ ರೋಗದ ಸದ್ದು ಮಾಡುತ್ತಾ ಹೋಗುವ ಗಾಡಿಗಳು. ಗೋಡೆ ಬೇರೆ, ಉಗ್ರಾಣ ಅದೇ.

ಗುಡಿಯ ಮುಂದಿನ ಅಂಗಡಿಗೆ ಹೋಗಿ ಎಲೆ ಅಡಿಕೆ ತಂದೆ. ಜನ ನೋಡುತ್ತಿದ್ದಂತೆ ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ.

“ಯುಗಾದೀಲಿ ತಕಂಡಿದ್ ವೀಳ್ಯ ಬುದ್ದಿ. ಮಾದಪ್ಪನ ಮುಂದೆ ವಾಪಸ್ ಕೊಡ್ತಾ ಇದೀನಿ.”

ಅವರು ಎಲೆ ನೋಡಿದರು, ನನ್ನ ಮುಖ ನೋಡಿದರು. “ಜಾಗ?” ಅಂದರು.

“ಅದೂ ತಮ್ಮತ್ರನೇ ಇರ್ಲಿ.”

“ಬಾವಿ ನೀರ್ಗೂ ಅರ್ಧ ಗಂಟೆ ಜಗಳ ಆಡ್ದೋನು ನೀನು. ತಲೆ ಕೆಟ್ಟದಾ?”

ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗುಡಿಯ ಮುಂದೆ ಅಷ್ಟು ಜನರ ನಡುವೆ ಚಾಚಿದ ವೀಳ್ಯವನ್ನು ಬೇಡ ಎನ್ನುವಂತಿಲ್ಲ. ತೆಗೆದುಕೊಂಡರು. ಮೆಲ್ಲಗೆ, ಹತ್ತಿರದವರಿಗಷ್ಟೇ ಕೇಳುವಂತೆ, “ಇಳಿಯೋವಾಗ ಮುಳ್ಳು ಯಾರ್ಲಾ ನೋಡ್ತಾರೆ?” ಅಂದರು.

ಪಕ್ಕದಲ್ಲಿದ್ದ ಜವರಯ್ಯ ಹೇಳಿದ: “ಇಳಿಯಕ್ಕೆ ಬಲ ಬ್ಯಾಡ ಬುದ್ದಿ. ನಾನ್ ಮುಂದಿರ್ತೀನಿ, ಮೆಲ್ಲಕ್ ನನ್ ಇಂದೆ ಬನ್ನಿ.”

ನಾನು ಬಸ್ಸಿನ ಕೊನೆಯ ಸೀಟಿನಲ್ಲಿ, ಹಿಂದಿನ ಗಾಜಿಗೆ ಬೆನ್ನು ಕೊಟ್ಟು ಕೂತೆ. ಜವರಯ್ಯ ಈ ಸಲ ಗಂಟು ಇದೆಯಾ ಅಂತ ನೋಡಲಿಲ್ಲ. ಆಮೇಲೆ ನಾನು ಹನೂರಿನ ರಸ್ತೆಬದಿಯಲ್ಲಿ ತೆಂಗಿನ ಗರಿ ಹೊದಿಸಿದ ಶೆಡ್ಡು ಹಾಕಿದ್ದು, ಮಾದೇವಿ ಬಂದು ಅದರ ಹಿಂದೆ ಒಲೆ ಹೂಡಿದ್ದು, ಸಿದ್ದಮ್ಮ ದಿನಾ ಆ ದಾರಿಯಲ್ಲಿ ಹೋಗುವಾಗ “ಆರು ಸೇರು ಕೊಡ್ಲಾ?” ಅಂತ ಕೇಳುತ್ತಿದ್ದದ್ದು ಎಲ್ಲ ಬೇರೆ ಮಾತು. ಆ ದಿನ ಬೆಟ್ಟ ಇಳಿಯುವಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಬಸ್ಸಿನ ಹಿಂದೆಯೇ ಆ ಕಾರು ಬರುತ್ತಿತ್ತು. ಗುರುಮಲ್ಲಪ್ಪನವರು ಒಂದು ಸಲವೂ ಹಾರನ್ ಮಾಡಲಿಲ್ಲ. ನಾನು ಒಂದು ಸಲವೂ ತಿರುಗಿ ನೋಡಲಿಲ್ಲ. ಆದರೆ ತಾಳಬೆಟ್ಟ ಬರುವವರೆಗೂ, ಒಂದೊಂದು ತಿರುವಿನಲ್ಲೂ, ಬಸ್ಸಿನ ಗಡಗಡದ ನಡುವೆ ಆ ಎಂಜಿನ್ನಿನ ಸದ್ದನ್ನೇ ಹುಡುಕಿ ಹುಡುಕಿ ಕೇಳುತ್ತಿದ್ದೆ. ತಪ್ಪು ಹುಡುಕುತ್ತಿದ್ದೆ. ಒಂದೂ ಇರಲಿಲ್ಲ.